ಕೂಸಿನ ಹೊಟ್ಟೆ: ಅಂಜಬೇಕಾದದ್ದು ಯಾವುದಕ್ಕೆ, ಅಂಜಬೇಕಿಲ್ಲದ್ದು ಯಾವುದಕ್ಕೆ

ಹಸುಗೂಸು ಇರುವ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಿಗೆ ಬರುವ ವಿಷಯ ಅದರ ಹೊಟ್ಟೆ. ಹಾಲು ಕುಡಿಯಿತೇ, ತೇಗು ಬಂತೇ, ಕಕ್ಕಿತೇ, ಮಲ ಮಾಡಿತೇ, ಮಾಡಿದ್ದು ಯಾವ ಬಣ್ಣದ್ದು ಎಂದು ಬಾಣಂತಿ ಕೋಣೆಯ ಒಳಗೂ ಹೊರಗೂ ದಿನವಿಡೀ ವಿಚಾರಣೆ ನಡೆಯುತ್ತಿರುತ್ತದೆ. ಈ ಕಾಳಜಿ ತಪ್ಪಲ್ಲ. ಆದರೆ ನಮ್ಮ ಮನೆಯಲ್ಲೂ ನೆಂಟರಿಷ್ಟರ ಮನೆಗಳಲ್ಲೂ ಹಲವು ಬಾಣಂತನಗಳನ್ನು ಹತ್ತಿರದಿಂದ ಕಂಡಿರುವ ನನಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿದೆ. ನಾವು ಅಂಜುವುದು ಒಂದಕ್ಕೆ, ಅಂಜಬೇಕಾದದ್ದು ಇನ್ನೊಂದಕ್ಕೆ. ಎದೆಹಾಲು ಕುಡಿಯುವ ಕೂಸು ನಾಲ್ಕು ದಿನ ಮಲ ಮಾಡಲಿಲ್ಲವೆಂದು ಗಾಬರಿಯಾಗಿ ಹರಳೆಣ್ಣೆ ಕುಡಿಸಲು ಹೊರಡುವ ಮನೆಯೇ, ಮಲ ಬಿಳಿಚಿಕೊಂಡ ಕೂಸನ್ನು ಎಳೆಬಿಸಿಲಿಗೆ ಹಿಡಿದು, ಕಾಮಾಲೆ ತಾನಾಗಿ ಇಳಿಯುತ್ತದೆಂದು ವಾರಗಟ್ಟಲೆ ಕಾಯುತ್ತದೆ. ಮೊದಲನೆಯದರಲ್ಲಿ ಕಾಯಿಲೆಯೇ ಇಲ್ಲ. ಎರಡನೆಯದರಲ್ಲಿ ಕಾದ ಒಂದೊಂದು ವಾರಕ್ಕೂ ಕೂಸಿನ ಯಕೃತ್ತು ಬೆಲೆ ತೆರುತ್ತದೆ.

ದೊಡ್ಡವರ ಹೊಟ್ಟೆಯ ಅಳತೆಗೋಲಿನಲ್ಲೇ ಕೂಸಿನ ಹೊಟ್ಟೆಯನ್ನೂ ಅಳೆಯುವುದರಿಂದ ಹೀಗಾಗುತ್ತದೆ. ದೊಡ್ಡವರಿಗೆ ನಾಲ್ಕು ದಿನ ಮಲವಾಗದಿದ್ದರೆ ಅದು ಮಲಬದ್ಧತೆ, ದಿನಕ್ಕೆ ಎಂಟು ಸಲವಾದರೆ ಭೇದಿ. ಕೂಸಿನಲ್ಲಿ ಇವೆರಡೂ ಆರೋಗ್ಯದ ಲಕ್ಷಣವೇ ಆಗಿರಬಹುದು. ಒಂಬತ್ತು ತಿಂಗಳು ಹೊಕ್ಕುಳಬಳ್ಳಿಯಿಂದಲೇ ಪೋಷಣೆ ಪಡೆದ ಜೀವಕ್ಕೆ ನುಂಗುವುದು, ಅರಗಿಸುವುದು, ವಾಯು ಹೊರಹಾಕುವುದು, ಮಲವಿಸರ್ಜನೆ ಇವೆಲ್ಲ ಹುಟ್ಟಿದ ಮೇಲೆ ಪಳಗಬೇಕಾದ ಕೆಲಸಗಳು. ಪಳಗುವ ಅವಧಿಯಲ್ಲಿ ಸದ್ದುಗದ್ದಲ ಇದ್ದೇ ಇರುತ್ತದೆ.

ಕಕ್ಕುವುದು ಬೇರೆ, ವಾಂತಿ ಬೇರೆ

ಅನ್ನನಾಳವು ಜಠರವನ್ನು ಸೇರುವ ಜಾಗದಲ್ಲಿ ಉಂಗುರದಂಥ ಒಂದು ಸ್ನಾಯುವಿದೆ. ನುಂಗಿದ್ದು ಕೆಳಗಿಳಿಯುವಾಗ ಸಡಿಲವಾಗಿ, ಉಳಿದ ಹೊತ್ತೆಲ್ಲ ಬಿಗಿಯಾಗಿರುವುದು ಅದರ ಕೆಲಸ. ಹಸುಗೂಸಿನಲ್ಲಿ ಈ ಸ್ನಾಯು ಹೊತ್ತಲ್ಲದ ಹೊತ್ತಿನಲ್ಲೂ ಸಡಿಲಗೊಳ್ಳುತ್ತದೆ. ಅದರ ಜೊತೆಗೆ ಅನ್ನನಾಳ ಗಿಡ್ಡದು, ಆಹಾರವೆಲ್ಲ ದ್ರವ, ದಿನದ ಹೆಚ್ಚು ಹೊತ್ತು ಮಲಗಿಯೇ ಕಳೆಯುತ್ತದೆ. ಹಾಗಾಗಿ ಕುಡಿದ ಹಾಲಿನಲ್ಲಿ ಒಂದೆರಡು ಚಮಚ ಬಾಯಿಯ ಅಂಚಿನಿಂದ ಹರಿದು ಬರುತ್ತದೆ. ಅದು ಮೊಸರಿನಂತೆ ಒಡೆದಿದ್ದರೆ ತಾಯಿಯ ಹಾಲು ಕೆಟ್ಟಿದೆಯೆಂದು ಕೆಲವರು ಭಾವಿಸುವುದುಂಟು. ವಾಸ್ತವದಲ್ಲಿ ಜಠರದ ರಸ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ ಎಂಬುದಷ್ಟೇ ಅದರ ಅರ್ಥ. ಈ ಕಕ್ಕುವಿಕೆ ನಾಲ್ಕನೆಯ ತಿಂಗಳ ಸುಮಾರಿಗೆ ಅತಿ ಹೆಚ್ಚಾಗಿದ್ದು, ಮಗು ಕೂರಲು ಕಲಿತು ಗಟ್ಟಿ ಆಹಾರ ತಿನ್ನತೊಡಗಿದಂತೆ ಕಡಿಮೆಯಾಗುತ್ತ, ಒಂದರಿಂದ ಒಂದೂವರೆ ವರ್ಷದೊಳಗೆ ಬಹುತೇಕ ಎಲ್ಲ ಮಕ್ಕಳಲ್ಲೂ ನಿಂತುಹೋಗುತ್ತದೆ. ಕೂಸು ಲವಲವಿಕೆಯಿಂದಿದ್ದು ತೂಕ ಏರುತ್ತಿದ್ದರೆ ಯಾವ ಔಷಧಿಯೂ ಬೇಕಿಲ್ಲ. ಹಾಲು ಕುಡಿಸಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ತೇಗು ಬರಿಸಿದರೆ ಸಾಕು. ಕಕ್ಕುತ್ತದೆಂದು ಬೋರಲಾಗಿ ಮಲಗಿಸುವುದು ಮಾತ್ರ ಅಪಾಯ. ಮಲಗಿದ್ದಲ್ಲೇ ಕೂಸು ಹಠಾತ್ತನೆ ಸಾಯುವ ಸಂಭವ ಬೋರಲು ಮಲಗಿಸಿದಾಗ ಹೆಚ್ಚಾಗುವುದರಿಂದ, ಕಕ್ಕುವ ಕೂಸನ್ನೂ ಅಂಗಾತವೇ ಮಲಗಿಸಬೇಕು.

ಇಷ್ಟನ್ನು ಹೇಳಿದ ಮೇಲೆ, ಎರಡು ಬಗೆಯ ವಾಂತಿಯನ್ನು ಮಾತ್ರ ಎಂದಿಗೂ ಕಕ್ಕುವಿಕೆಯ ಲೆಕ್ಕಕ್ಕೆ ಸೇರಿಸಬಾರದು. ಮೊದಲನೆಯದು ಹುಟ್ಟಿದ ಮೂರರಿಂದ ಆರು ವಾರಗಳ ನಡುವೆ ಶುರುವಾಗಿ ದಿನದಿಂದ ದಿನಕ್ಕೆ ಜೋರಾಗುವ, ಕುಡಿದದ್ದೆಲ್ಲ ಚಿಮ್ಮಿ ದೂರ ಬೀಳುವ ವಾಂತಿ. ಜಠರದಿಂದ ಕರುಳಿಗೆ ಇಳಿಯುವ ದ್ವಾರದ ಸ್ನಾಯು ದಪ್ಪವಾಗಿ ದಾರಿ ಕಟ್ಟಿಕೊಂಡಾಗ ಹೀಗಾಗುತ್ತದೆ. ಇದು ಹೆಣ್ಣುಕೂಸುಗಳಿಗಿಂತ ಗಂಡುಕೂಸುಗಳಲ್ಲಿ ಹೆಚ್ಚು. ವಾಂತಿಯಾದ ಮರುಕ್ಷಣವೇ ಕೂಸು ಹಸಿವಿನಿಂದ ಮತ್ತೆ ಹಾಲಿಗೆ ಬಾಯಿ ಹಾಕುವುದು, ತೂಕ ಏರದೆ ನಿಲ್ಲುವುದು ಇದರ ಗುರುತು. ಚಿಕ್ಕದೊಂದು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ.

ಎರಡನೆಯದು ಹಸಿರು ವಾಂತಿ. ಇದರ ಬಗ್ಗೆ ನಮ್ಮಲ್ಲಿ ಇರುವ ತಪ್ಪು ತಿಳಿವಳಿಕೆ ಬಹಳ ದುಬಾರಿಯಾದದ್ದು. 'ಪಿತ್ತ ಏರಿದೆ' ಎಂದು ಶುಂಠಿ ರಸವನ್ನೋ ನಿಂಬೆ ಹನಿಯನ್ನೋ ನೆಕ್ಕಿಸಿ ರಾತ್ರಿ ಕಳೆಯುವ ಮನೆಗಳಿವೆ. ಪಿತ್ತರಸ ಕರುಳನ್ನು ಸೇರುವುದು ಜಠರಕ್ಕಿಂತ ಕೆಳಗೆ. ಅದು ಹಿಂದಿರುಗಿ ಬಾಯಿಗೆ ಬರುತ್ತಿದೆ ಎಂದರೆ, ಅದಕ್ಕಿಂತಲೂ ಕೆಳಗೆ ಎಲ್ಲೋ ಕರುಳಿನ ದಾರಿ ಕಟ್ಟಿರಬಹುದು. ಹುಟ್ಟಿನಿಂದಲೇ ಸರಿಯಾದ ಜಾಗದಲ್ಲಿ ನೆಲೆಗೊಳ್ಳದ ಕರುಳು ತಿರುಚಿಕೊಂಡರೆ ರಕ್ತ ಸಂಚಾರ ನಿಂತು ಕೆಲವೇ ಗಂಟೆಗಳಲ್ಲಿ ಕರುಳಿನ ಭಾಗ ಸತ್ತುಹೋಗಬಹುದು. ಹಸುಗೂಸು ಎಲೆಹಸಿರು ಬಣ್ಣದ ವಾಂತಿ ಮಾಡಿದರೆ, ಅದು ಎಷ್ಟೇ ಸಣ್ಣ ಪ್ರಮಾಣದಲ್ಲಿದ್ದರೂ, ಬೆಳಗಾಗುವವರೆಗೆ ಕಾಯದೆ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೋಗಬೇಕು.

ಬಟ್ಟೆಯ ಮೇಲಿನ ಬಣ್ಣಗಳು

ಹುಟ್ಟಿದ ಕೂಸಿನ ಮೊದಲ ಮಲ ಡಾಂಬರಿನಂತೆ ಕಪ್ಪುಹಸಿರಾಗಿ ಅಂಟಂಟಾಗಿರುತ್ತದೆ. ಅದು ಸಾಮಾನ್ಯವಾಗಿ ಮೊದಲ 24 ಗಂಟೆಗಳಲ್ಲೇ ಆಗಬೇಕು. 48 ಗಂಟೆ ಕಳೆದರೂ ಆಗದಿದ್ದರೆ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಬೆಳೆದಿಲ್ಲದ ದೋಷವಿದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಎದೆಹಾಲು ಚೆನ್ನಾಗಿ ಇಳಿಯತೊಡಗಿದ ಮೇಲೆ, ನಾಲ್ಕೈದು ದಿನಗಳಲ್ಲಿ ಮಲ ಸಾಸಿವೆ ಅರೆದಂಥ ಹಳದಿಗೆ ತಿರುಗುತ್ತದೆ. ತೆಳ್ಳಗೆ, ನಡುವೆ ಚಿಕ್ಕ ಚಿಕ್ಕ ಬೀಜದಂಥ ಕಣಗಳು ಇರುವುದು ಸಹಜ. ಹಾಲು ಜಠರಕ್ಕೆ ಇಳಿದಾಗಲೆಲ್ಲ ದೊಡ್ಡ ಕರುಳು ಪ್ರತಿಕ್ರಿಯಿಸುವುದರಿಂದ ಮೊದಲ ವಾರಗಳಲ್ಲಿ ಕುಡಿದಾಗಲೆಲ್ಲ ಮಲ ಮಾಡುವ ಕೂಸುಗಳಿವೆ. ಅದು ಭೇದಿಯಲ್ಲ. ಆರು ವಾರ ದಾಟಿದ ಮೇಲೆ ಅದೇ ಕೂಸು ಐದು ದಿನಕ್ಕೊಮ್ಮೆ, ಕೆಲವೊಮ್ಮೆ ವಾರಕ್ಕೊಮ್ಮೆ ಮಲ ಮಾಡಬಹುದು. ಎದೆಹಾಲಿನಲ್ಲಿ ಅರಗದೆ ಉಳಿಯುವ ಕಸ ಅಷ್ಟು ಕಡಿಮೆ. ಮಲ ಮೆತ್ತಗಿದ್ದರೆ ದಿನಗಳನ್ನು ಎಣಿಸಬೇಕಿಲ್ಲ.

ಕೂಸು ಮುಖ ಕೆಂಪಗೆ ಮಾಡಿಕೊಂಡು ಹತ್ತು ನಿಮಿಷ ಮುಕ್ಕಿ, ಅತ್ತು, ಕೊನೆಗೆ ಮೆತ್ತನೆಯ ಮಲ ಮಾಡುವುದನ್ನು ಕಂಡು ಮಲಬದ್ಧತೆ ಎಂದುಕೊಳ್ಳುವವರು ಅನೇಕರು. ಹೊಟ್ಟೆಯನ್ನು ಬಿಗಿಹಿಡಿದು ನೂಕುವುದು ಮತ್ತು ಅದೇ ಹೊತ್ತಿಗೆ ಕೆಳಗಿನ ಸ್ನಾಯುವನ್ನು ಸಡಿಲ ಬಿಡುವುದು, ಈ ಎರಡನ್ನೂ ಒಟ್ಟಿಗೆ ಮಾಡಲು ಕೂಸಿಗೆ ಇನ್ನೂ ಬರುವುದಿಲ್ಲ, ಅಷ್ಟೇ. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಗುದದ್ವಾರದಲ್ಲಿ ಇಡುವುದು, ಸೋಪಿನ ಚೂರು ಇಡುವುದು ಇವೆಲ್ಲ ಆ ಕಲಿಕೆಯನ್ನು ತಡಮಾಡುತ್ತವೆ. ಸೋಪಿನಿಂದ ಗುದದ್ವಾರದ ಎಳೆಯ ಚರ್ಮ ಉರಿದು ಹುಣ್ಣಾಗುವುದೂ ಉಂಟು. ಬಾಯಿಗೆ ಹಾಕಿದ ಹರಳೆಣ್ಣೆ ಇನ್ನೂ ಕೆಟ್ಟದ್ದು. ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಕೆಮ್ಮು ಕೂಡ ಬಾರದೆ ಶ್ವಾಸಕೋಶದಲ್ಲಿ ಕುಳಿತು ನ್ಯುಮೋನಿಯ ತರುತ್ತದೆ.

ಹಳದಿ, ಕಂದು, ಹಸಿರು ಈ ಮೂರು ಬಣ್ಣಗಳೂ ಸರಿಯೇ. ಸುಣ್ಣದಂತೆ ಅಥವಾ ಜೇಡಿಮಣ್ಣಿನಂತೆ ಬಿಳಿಚಿಕೊಂಡ ಮಲ ಸರಿಯಲ್ಲ. ಮಲಕ್ಕೆ ಬಣ್ಣ ಕೊಡುವುದು ಪಿತ್ತರಸ. ಬಣ್ಣವಿಲ್ಲ ಎಂದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ, ಪಿತ್ತನಾಳ ಮುಚ್ಚಿರಬಹುದು. ಹುಟ್ಟಿದ ಕೂಸಿಗೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸಿಕೊಂಡು ಇಳಿಯುವುದು ಸಾಮಾನ್ಯವಾದ್ದರಿಂದಲೇ ಈ ಕಾಯಿಲೆ ಅದರ ಮರೆಯಲ್ಲಿ ಅಡಗುತ್ತದೆ. ಎರಡು ವಾರ ಕಳೆದರೂ ಕಣ್ಣಿನ ಹಳದಿ ಇಳಿಯದೆ, ಮೂತ್ರ ಬಟ್ಟೆಗೆ ಗಾಢ ಹಳದಿಯ ಕಲೆ ಹತ್ತಿಸುತ್ತ, ಮಲ ಬಿಳಿಚಿಕೊಂಡಿದ್ದರೆ ರಕ್ತಪರೀಕ್ಷೆ ಆ ವಾರವೇ ಆಗಬೇಕು. ಪಿತ್ತಕ್ಕೆ ಹೊಸ ದಾರಿ ಮಾಡಿಕೊಡುವ ಶಸ್ತ್ರಚಿಕಿತ್ಸೆ ಹುಟ್ಟಿದ 60 ದಿನಗಳೊಳಗೆ ನಡೆದರೆ ಫಲ ಹೆಚ್ಚು. ತಡವಾದಷ್ಟೂ ಯಕೃತ್ತು ಗಡಸಾಗುತ್ತದೆ. ಆ ಅರವತ್ತು ದಿನಗಳು ಬಹುಪಾಲು ಬಾಣಂತನದ ಮನೆಯಲ್ಲೇ ಕಳೆಯುತ್ತವೆ ಎಂಬುದನ್ನು ಬಾಣಂತನ ಮಾಡುವವರು ಮರೆಯಬಾರದು.

ದೀಪ ಹಚ್ಚುವ ಹೊತ್ತಿನ ಅಳು

ನನ್ನ ಮಗಳು ಹುಟ್ಟಿ ಐದನೆಯ ವಾರಕ್ಕೆ ಕಾಲಿಟ್ಟಾಗ ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳು ಶುರುಮಾಡಿ ಒಂಬತ್ತು ಗಂಟೆಯವರೆಗೂ ನಿಲ್ಲಿಸುತ್ತಿರಲಿಲ್ಲ. ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ಅಳುವ ಕೂಸನ್ನು ನೋಡಿದರೆ ಹೊಟ್ಟೆನೋವಲ್ಲದೆ ಬೇರೇನೂ ಅನ್ನಿಸುವುದಿಲ್ಲ. ಅಮ್ಮ ಗ್ರಂಧಿಗೆ ಅಂಗಡಿಯಿಂದ ತರಿಸಿದ್ದ ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಸಿಕಾಯಿಗಳ ಡಬ್ಬಿ ತೆಗೆದು, ಸಾಣೆಕಲ್ಲಿನ ಮೇಲೆ ನನ್ನ ಹಾಲನ್ನೇ ಹಾಕಿ, ಒಂದೊಂದನ್ನೂ ಎರಡೆರಡು ಸುತ್ತು ತೇದು, ಬೆರಳ ತುದಿಯಲ್ಲಿ ನೆಕ್ಕಿಸುತ್ತಿದ್ದರು. ಹೊಕ್ಕುಳ ಸುತ್ತ ಇಂಗಿನ ನೀರು ಹಚ್ಚುತ್ತಿದ್ದರು. ಆಮೇಲೆ ದೃಷ್ಟಿ ತೆಗೆಯುತ್ತಿದ್ದರು. ಮೂರು ತಿಂಗಳು ತುಂಬುವ ಹೊತ್ತಿಗೆ ಅಳು ನಿಂತಿತು. ಮನೆಯವರೆಲ್ಲ ಸುತ್ತು ಔಷಧಿಗೆ ಕೈಮುಗಿದರು.

ಆ ಅಳು ಸುತ್ತು ಔಷಧಿ ಇಲ್ಲದೆಯೂ ಅದೇ ಹೊತ್ತಿಗೆ ನಿಲ್ಲುತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಸಂಗಡಿಗರು ಈ ಅಳುವಿಗೆ ಒಂದು ಲೆಕ್ಕ ಕೊಟ್ಟರು. ಆರೋಗ್ಯವಾಗಿರುವ ಕೂಸು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಕಾಲ ಕಾರಣವಿಲ್ಲದೆ ಅತ್ತರೆ ಅದನ್ನು ಕೋಲಿಕ್ ಎನ್ನಬಹುದೆಂದರು. ಇಂಥ ಅಳು ಆರನೆಯ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಕಾರಣ ಒಂದೇ ಎಂದು ಹೇಳಲಾಗುವುದಿಲ್ಲ. ಅಳುವಾಗ ನುಂಗಿದ ಗಾಳಿ, ಕರುಳಿನಲ್ಲಿ ಆಗಷ್ಟೇ ನೆಲೆಯೂರುತ್ತಿರುವ ಸೂಕ್ಷ್ಮಜೀವಿಗಳು, ದಿನವಿಡೀ ಕಂಡು ಕೇಳಿ ದಣಿದ ಎಳೆಯ ಮೆದುಳು ಇವೆಲ್ಲ ಅದರಲ್ಲಿ ಸೇರಿರಬಹುದು.

ಹಾಗಾದರೆ ಸುತ್ತು ಔಷಧಿಯಿಂದ ಏನು ತೊಂದರೆ ಎಂಬ ಪ್ರಶ್ನೆಯನ್ನು ಅಮ್ಮನಂಥವರ ಮೇಲಿನ ಗೌರವದಿಂದಲೇ ಉತ್ತರಿಸಬೇಕು. ಸುತ್ತಿನ ಲೆಕ್ಕ ಕೈಯಿಂದ ಕೈಗೆ ಬದಲಾಗುತ್ತದೆ. ಜಾಯಿಕಾಯಿ ಹೆಚ್ಚಾದರೆ ಮಂಪರು, ಬಜೆ ಹೆಚ್ಚಾದರೆ ವಾಂತಿ. ಕಲ್ಲು, ನೀರು, ಬೆರಳು ಇವುಗಳಲ್ಲಿ ಯಾವುದೊಂದು ಕೊಳೆಯಾಗಿದ್ದರೂ ಸೋಂಕು ನೇರವಾಗಿ ಹೊಟ್ಟೆಗೆ ಇಳಿಯುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ನೀರೂ ಬೇಡ ಎಂದು ಹೇಳುವುದು ಇದೇ ಕಾರಣಕ್ಕೆ. ಹುಟ್ಟಿದಾಗ ನೆಕ್ಕಿಸುವ ಜೇನುತುಪ್ಪಕ್ಕಂತೂ ಬೇರೆಯದೇ ಭಯವಿದೆ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡುಗಡೆ ಮಾಡಿದರೆ ಸ್ನಾಯುಗಳು ಶಕ್ತಿಗುಂದುತ್ತವೆ. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನು ಕೂಡದು.

ಗ್ರೈಪ್ ವಾಟರ್ ಹುಟ್ಟಿದ್ದು 1850ರ ದಶಕದ ಇಂಗ್ಲೆಂಡಿನಲ್ಲಿ. ನಮ್ಮ ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಕೊಡುವ ಸಬ್ಬಸಿಗೆಯ ಎಣ್ಣೆ, ಸೋಡಾ, ಸಕ್ಕರೆ ಇವುಗಳ ಜೊತೆಗೆ ಮದ್ಯಸಾರವೂ ಮೊದಲಿಗೆ ಅದರಲ್ಲಿತ್ತು. ಕೂಸು ಸುಮ್ಮನಾಗುತ್ತಿದ್ದುದರಲ್ಲಿ ಮದ್ಯಸಾರ, ಸಕ್ಕರೆಗಳ ಪಾಲೂ ಇದ್ದಿರಬೇಕು. ಈಗ ಮದ್ಯಸಾರವಿಲ್ಲದಿದ್ದರೂ ಅದು ಕೋಲಿಕ್ ಗುಣಪಡಿಸುತ್ತದೆ ಎನ್ನಲು ಆಧಾರವಿಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಹೊಟ್ಟೆನೋವಿನ ಡ್ರಾಪ್ಸ್ ವಿಷಯದಲ್ಲಿ. ಅವುಗಳಲ್ಲಿ ಕೆಲವಲ್ಲಿ ಡೈಸೈಕ್ಲೊಮಿನ್ ಎಂಬ ಔಷಧಿ ಇರುತ್ತದೆ. ಆರು ತಿಂಗಳೊಳಗಿನ ಕೂಸುಗಳಲ್ಲಿ ಅದು ಉಸಿರಾಟವನ್ನೇ ನಿಲ್ಲಿಸಿದ ಉದಾಹರಣೆಗಳಿರುವುದರಿಂದ ಆ ವಯಸ್ಸಿನವರಿಗೆ ಅದು ನಿಷಿದ್ಧ. ಪಕ್ಕದ ಮನೆಯ ಮಗುವಿಗೆ ಬರೆದುಕೊಟ್ಟ ಬಾಟಲಿಯಿಂದ ನಾಲ್ಕು ಹನಿ ತಂದು ಹಾಕುವ ಅಭ್ಯಾಸ ಇದ್ದರೆ ಇಂದೇ ಬಿಡಬೇಕು.

ತಾಯಿ ಬದನೆಕಾಯಿ, ಆಲೂಗೆಡ್ಡೆ, ಬೇಳೆ ತಿಂದರೆ ಕೂಸಿಗೆ ವಾಯುವಾಗುತ್ತದೆಂದು ಬಾಣಂತಿಯನ್ನು ಮೆಣಸಿನ ಸಾರು ಅನ್ನದಲ್ಲೇ ಇಡುವುದೂ ಸರಿಯಲ್ಲ. ತಾಯಿಯ ಕರುಳಿನ ವಾಯು ಹಾಲಿಗೆ ಹೋಗುವುದಿಲ್ಲ. ಅಪರೂಪಕ್ಕೆ ಕೆಲವು ಕೂಸುಗಳಿಗೆ ಹಸುವಿನ ಹಾಲಿನ ಪ್ರೋಟೀನು ಒಗ್ಗದೆ, ತಾಯಿ ಕುಡಿದ ಹಾಲಿನಿಂದಲೇ ಅದರ ಅಂಶ ಎದೆಹಾಲಿಗೆ ಬಂದು, ಮಲದಲ್ಲಿ ರಕ್ತದ ಎಳೆಗಳು ಕಾಣಿಸುವುದುಂಟು. ಆಗ ವೈದ್ಯರ ಮಾತಿನಂತೆ ತಾಯಿ ಕೆಲವು ವಾರ ಹಾಲು ಮೊಸರು ಬಿಡಬೇಕಾಗಬಹುದು. ಉಳಿದಂತೆ ಬಾಣಂತಿ ಹೊಟ್ಟೆ ತುಂಬ ಉಣ್ಣಬೇಕು. ಅಳುವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವುದು, ಮಬ್ಬು ಬೆಳಕಿನಲ್ಲಿ ತೊಟ್ಟಿಲು ತೂಗುವುದು, ತಾಯಿ ದಣಿದಾಗ ಮನೆಯ ಇನ್ನೊಬ್ಬರು ಎತ್ತಿಕೊಳ್ಳುವುದು ಇವೇ ಇದಕ್ಕಿರುವ ಉಪಚಾರ. ರೋಸಿಹೋಗಿ ಕೂಸನ್ನು ಹಿಡಿದು ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಸಹನೆ ಮೀರಿತೆಂದರೆ ಕೂಸನ್ನು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬರುವುದೇ ಮೇಲು.

ಇದಕ್ಕೆ ಪೂರ್ತಿ ಬೇರೆಯಾದ ಇನ್ನೊಂದು ಅಳುವಿದೆ. ಆರು ತಿಂಗಳ ಆಸುಪಾಸಿನಿಂದ ಎರಡು ವರ್ಷದೊಳಗಿನ, ಅದುವರೆಗೂ ಚೆನ್ನಾಗಿದ್ದ ಮಗು ಹಠಾತ್ತನೆ ಕಿರುಚಿ ಕಾಲು ಮಡಚಿಕೊಂಡು ಅಳುತ್ತದೆ. ಕೆಲವು ನಿಮಿಷಗಳಲ್ಲಿ ಸುಮ್ಮನಾಗಿ ಬಾಡಿದಂತೆ ಬೀಳುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಕಿರುಚಾಟ. ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ತೂರಿಕೊಂಡಾಗ ಹೀಗಾಗುತ್ತದೆ. ಲೋಳೆಯೊಂದಿಗೆ ರಕ್ತ ಬೆರೆತ ಕೆಂಪು ಮಲ ಕಾಣುವವರೆಗೆ ಕಾಯುವುದು ತಡವೇ. ಬೇಗ ಕರೆದೊಯ್ದರೆ ಗುದದ್ವಾರದಿಂದ ಗಾಳಿಯನ್ನೋ ದ್ರವವನ್ನೋ ಒತ್ತಡದಲ್ಲಿ ಹಾಯಿಸಿ, ಹೊಟ್ಟೆ ಕೊಯ್ಯದೆಯೇ ಕರುಳನ್ನು ಸರಿಪಡಿಸಲು ಬಹಳ ಸಲ ಸಾಧ್ಯವಾಗುತ್ತದೆ.

ಭೇದಿ: ಕೊಲ್ಲುವುದು ನೀರಿನ ಕೊರತೆ

ಹಲ್ಲು ಬರುವಾಗ ಭೇದಿಯಾಗುತ್ತದೆ ಎಂಬ ಮಾತನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿ ಇರಲಾರದು. ಹಲ್ಲು ಭೇದಿ ತರುವುದಿಲ್ಲ. ಹಲ್ಲು ಮೂಡುವ ವಯಸ್ಸಿನಲ್ಲೇ ಮಗು ಅಂಬೆಗಾಲಿಟ್ಟು, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕರಗುವುದೂ, ಮೇಲಾಹಾರ ಶುರುವಾಗುವುದೂ ಅದೇ ಹೊತ್ತಿಗೆ. ಕಾರಣ ಸೋಂಕು. ಹಲ್ಲಿನ ಭೇದಿಯೆಂದು ಕೈಕಟ್ಟಿ ಕುಳಿತಾಗ ಮೈಯ ನೀರು ಬತ್ತುತ್ತದೆ, ಮಗು ಸಾಯುವುದು ಆ ನೀರಿಲ್ಲದೆ. ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಲವಣಗಳೂ ಹರಿದುಹೋಗುತ್ತವೆ. ಎಂಟು ಕಿಲೋ ತೂಕದ ಮಗುವಿನಿಂದ ಅರ್ಧ ಲೀಟರಿನಷ್ಟು ನೀರು ಹೋದರೆ ಅದು ದೊಡ್ಡ ನಷ್ಟ.

ಗಮನಿಸಬೇಕಾದದ್ದು ಎಷ್ಟು ಸಲ ಭೇದಿಯಾಯಿತು ಎಂಬುದಕ್ಕಿಂತ ಮಗು ಹೇಗಿದೆ ಎಂಬುದನ್ನು. ಬಾಯಿ ಒಣಗಿ, ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರು ಬಾರದೆ, ಆರೇಳು ಗಂಟೆಗಳಿಂದ ಮೂತ್ರವಾಗದೆ ಇದ್ದರೆ ನಿರ್ಜಲೀಕರಣ ಶುರುವಾಗಿದೆ. ಪುಟ್ಟ ಕೂಸಿನ ನೆತ್ತಿ ಒಳಗಿಳಿದಿರುತ್ತದೆ. ಅದಕ್ಕೆ ಎಣ್ಣೆ ತುಂಬುವ ಬದಲು ಹೊಟ್ಟೆಗೆ ನೀರು ತುಂಬಬೇಕು. ಹೊಕ್ಕುಳಿನ ಪಕ್ಕದ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಬಿಟ್ಟರೆ ಆರೋಗ್ಯವಂತ ಮಗುವಿನಲ್ಲಿ ಅದು ತಟ್ಟನೆ ಸಮವಾಗುತ್ತದೆ. ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ಮಡಿಕೆಯಾಗಿಯೇ ನಿಂತರೆ, ಅಥವಾ ಮಗು ಕುಡಿಯಲೂ ಆಗದಷ್ಟು ಮಂಕಾಗಿದ್ದರೆ ಆಸ್ಪತ್ರೆಗೆ ಓಡಬೇಕು. ಬಾಯಾರಿಕೆಯಿಂದ ಆತುರವಾಗಿ ಕುಡಿಯುವ ಮಗು ಅದಕ್ಕಿಂತ ಒಂದು ಮೆಟ್ಟಿಲು ಸುರಕ್ಷಿತ.

ಭೇದಿಯಾದಾಗ ಕರುಳು ನೀರನ್ನು ಹೀರಿಕೊಳ್ಳುವ ಹಲವು ದಾರಿಗಳು ಕೆಟ್ಟುಹೋಗುತ್ತವೆ. ಒಂದು ದಾರಿ ಮಾತ್ರ ಉಳಿದಿರುತ್ತದೆ. ಕರುಳಿನ ಒಳಗೋಡೆಯ ಕೋಶಗಳಲ್ಲಿ ಒಂದು ಬಗೆಯ ಬಾಗಿಲಿದ್ದು, ಅದು ಗ್ಲೂಕೋಸು ಮತ್ತು ಸೋಡಿಯಂ ಜೋಡಿಯಾಗಿ ಬಂದಾಗಲೇ ತೆರೆಯುತ್ತದೆ. ಅವೆರಡೂ ಒಳಹೋದರೆ ನೀರು ಅವುಗಳ ಬೆನ್ನುಹತ್ತಿ ಹೋಗುತ್ತದೆ. ಬರಿ ನೀರು ಕುಡಿಸಿದರೆ, ಬರಿ ಗ್ಲೂಕೋಸಿನ ಪುಡಿ ಕಲಸಿ ಕೊಟ್ಟರೆ ಆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಓಆರ್‌ಎಸ್ ಎಂಬ, ನೀರಿಗೆ ಬೆರೆಸಿ ಕುಡಿಸುವ ಉಪ್ಪುಸಕ್ಕರೆಯ ಪೊಟ್ಟಣದ ಮಹಿಮೆಯೆಲ್ಲ ಇಷ್ಟರಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಅಡುಗೆ ಉಪ್ಪು, 2.9 ಗ್ರಾಂ ಸಿಟ್ರೇಟು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡು ಇರಬೇಕು. 1971ರ ಬಾಂಗ್ಲಾದೇಶ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರಕ್ಕೆ ಕಾಲರಾ ಬಡಿದು ಸಲೈನ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಾಲನಾಬಿಸ್ ಮತ್ತು ಅವರ ತಂಡ ಇಂಥದೇ ಮಿಶ್ರಣವನ್ನು ಪೀಪಾಯಿಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿತು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ, ಅವರು ತೀರಿಕೊಂಡ ಮೇಲೆ, ದೇಶ ಅವರಿಗೆ ಪದ್ಮವಿಭೂಷಣ ನೀಡಿತು.

ಪೊಟ್ಟಣ ದೊಡ್ಡದಾದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ, ಚಿಕ್ಕದಾದರೆ ಅದರ ಮೇಲೆ ಬರೆದಿರುವ 200 ಮಿ.ಲೀ.ಗೆ, ಒಂದೇ ಸಲ ಪೂರ್ತಿಯಾಗಿ ಬೆರೆಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮೆದುಳಿಗೆ ಅಪಾಯ. ಬೆರೆಸಿದ್ದು 24 ಗಂಟೆ ಮಾತ್ರ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ಕೊಡಬೇಕು. ಪೊಟ್ಟಣ ಸಿಗದ ಜಾಗದಲ್ಲಿ ಒಂದು ಲೀಟರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಸಮತಟ್ಟು ಟೀ ಚಮಚ ಉಪ್ಪು. ಉಪ್ಪು ಹಾಕಿದ ಅಕ್ಕಿ ಗಂಜಿಯ ತಿಳಿಯೂ ಒಳ್ಳೆಯದೇ.

'ಕುಡಿಸಿದ್ದೆಲ್ಲ ವಾಂತಿಯಾಗುತ್ತದೆ' ಎಂಬ ದೂರು ಎಲ್ಲ ಮನೆಗಳಲ್ಲೂ ಇದ್ದದ್ದೇ. ಮಗಳಿಗೆ ಹದಿನಾಲ್ಕು ತಿಂಗಳಾಗಿದ್ದಾಗ ಒಂದು ಮಳೆಗಾಲದ ರಾತ್ರಿ ನಾನೂ ಮೊದಲು ಅರ್ಧ ಲೋಟ ಒಮ್ಮೆಲೇ ಕುಡಿಸಿ, ಅಷ್ಟೂ ವಾಂತಿಯಾಗಿ, ಕೈಕಾಲು ಬಿಟ್ಟಿದ್ದೆ. ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಕೊಡಲು ಫೋನಿನಲ್ಲಿ ವೈದ್ಯರು ಹೇಳಿದರು. ಗಡಿಯಾರ ನೋಡುತ್ತ ಎರಡು ನಿಮಿಷಕ್ಕೊಂದು ಟೀ ಚಮಚದಂತೆ ಕೊಡುತ್ತ ಹೋದೆ. ಐದು ಮಿ.ಲೀ. ಚಮಚ, ಗಂಟೆಗೆ ಮೂವತ್ತು ಚಮಚ, ಅಂದರೆ 150 ಮಿ.ಲೀ. ನಾಲ್ಕು ಗಂಟೆಗೆ 600 ಮಿ.ಲೀ. ನಿರ್ಜಲೀಕರಣ ಶುರುವಾದ ಮಗುವಿಗೆ ಪ್ರತಿ ಕಿಲೋ ತೂಕಕ್ಕೆ 75 ಮಿ.ಲೀ.ನಂತೆ ನಾಲ್ಕು ಗಂಟೆಗಳಲ್ಲಿ ಕುಡಿಸಬೇಕೆಂಬುದು ಆರೋಗ್ಯ ಕೇಂದ್ರಗಳು ಪಾಲಿಸುವ ಲೆಕ್ಕ. ಎಂಟು ಕಿಲೋ ಮಗುವಿಗೆ ಅದು ಸರಿಯಾಗಿ 600 ಮಿ.ಲೀ. ಆಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಅವಳು ಮೂತ್ರ ಮಾಡಿದಳು. ಒದ್ದೆಯಾದ ಆ ಬಟ್ಟೆಯನ್ನು ಹಿಡಿದು ನಾನು ಅತ್ತುಬಿಟ್ಟೆ.

ಕೊಳ್ಳುವಾಗ ಲೇಬಲ್ ಓದಬೇಕು. ಓಆರ್‌ಎಸ್ ಹೆಸರು ಹೊತ್ತು, ಹಣ್ಣಿನ ರಸದಷ್ಟು ಸಿಹಿಯಾದ ಪಾನೀಯಗಳು ಔಷಧಿ ಅಂಗಡಿಗಳಲ್ಲೇ ಬಹಳ ಕಾಲ ಮಾರಾಟವಾದವು. ಅತಿ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು ಸರಿಯಾದ ಸೂತ್ರದಲ್ಲಿಲ್ಲದ ಪಾನೀಯಗಳು ಆ ಹೆಸರನ್ನು ಬಳಸದಂತೆ ತಡೆಯಿತು.

ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆ, ಅಂದರೆ ಜಿಂಕ್, 14 ದಿನ ಕೊಡಬೇಕು. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳವರಿಗೆ 10. ಭೇದಿ ಮೂರನೆಯ ದಿನಕ್ಕೇ ನಿಂತರೂ ಮಾತ್ರೆ ನಿಲ್ಲಿಸಬಾರದು. ಸವೆದ ಕರುಳಿನ ಗೋಡೆ ಮತ್ತೆ ಕೂಡಿಕೊಳ್ಳಲು ಅದು ನೆರವಾಗುತ್ತದೆ. ಆಶಾ ಕಾರ್ಯಕರ್ತೆಯರ ಬಳಿ ಇವೆರಡೂ ಉಚಿತವಾಗಿ ಸಿಗುತ್ತವೆ. ಲಂಘನವೇ ಪರಮೌಷಧ ಎಂಬ ಮಾತು ಮಕ್ಕಳಿಗಲ್ಲ. ಎದೆಹಾಲು ಒಂದು ಹೊತ್ತೂ ನಿಲ್ಲಿಸಬಾರದು. ಮೆತ್ತನೆಯ ಅನ್ನ, ಹೆಸರುಬೇಳೆ, ಮೊಸರು, ಬಾಳೆಹಣ್ಣು ಎಂದಿನಂತೆ ನಡೆಯಲಿ. ಭೇದಿಯ ನಂತರ ಕೆಲವು ದಿನ ಹಾಲಿನ ಸಕ್ಕರೆ ಅರಗದೆ, ಮಲ ನೊರೆನೊರೆಯಾಗಿ ಹುಳಿ ವಾಸನೆ ಬಂದು, ಅಂಡು ಕೆಂಪಾಗಬಹುದು. ಹೆಪ್ಪಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದಿರುವುದರಿಂದ ಆಗ ಮೊಸರು ಹಾಲಿಗಿಂತ ಹಗುರ. ಬಹುಪಾಲು ಭೇದಿಗಳು ವೈರಸ್ಸಿನಿಂದ ಬರುವುದರಿಂದ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಮಲದಲ್ಲಿ ರಕ್ತ ಕಂಡರೆ ಮಾತು ಬೇರೆ. ದೊಡ್ಡವರು ನುಂಗುವ, ಭೇದಿಯನ್ನು ಕಟ್ಟಿಹಾಕುವ ಮಾತ್ರೆಯನ್ನು ಮಕ್ಕಳಿಗೆ ಕೊಟ್ಟರೆ ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬಬಹುದು.

ಎಳೆಯರ ತೀವ್ರ ಭೇದಿಗೆ ದೊಡ್ಡ ಕಾರಣವಾದ ರೋಟಾವೈರಸ್ಸಿಗೆ ಲಸಿಕೆ ಇದೆ. 1980ರ ದಶಕದಲ್ಲಿ ದೆಹಲಿಯ ನವಜಾತ ಶಿಶುಗಳಲ್ಲಿ ರೋಗ ತಾರದ ಒಂದು ರೋಟಾವೈರಸ್ ತಳಿ ಪತ್ತೆಯಾಯಿತು. ಅಂಥದೇ ಇನ್ನೊಂದು ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಂಗಳೂರಿನ ಶಿಶುಗಳಲ್ಲಿ ಕಂಡುಕೊಂಡರು. ಎರಡನ್ನೂ ಲಸಿಕೆಗಾಗಿ ಪರೀಕ್ಷಿಸಿದಾಗ ದೆಹಲಿಯ ತಳಿ ಗೆದ್ದು, ಅದರಿಂದ ಭಾರತದ್ದೇ ಲಸಿಕೆ ಸಿದ್ಧವಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾದ ರೋಟಾವೈರಸ್ ಲಸಿಕೆ 2019ರಲ್ಲಿ ಕರ್ನಾಟಕಕ್ಕೂ ಬಂದು, ಈಗ 6, 10, 14ನೆಯ ವಾರಗಳಲ್ಲಿ ಬಾಯಿಯ ಮೂಲಕ ಉಚಿತವಾಗಿ ಸಿಗುತ್ತಿದೆ.

ರಾಗಿ ಸರಿಯಿಂದ ಕಕ್ಕಸಿನವರೆಗೆ

ಆರು ತಿಂಗಳು ತುಂಬಿದ ಮೇಲೆ ಕೊಡುವ ರಾಗಿ ಸರಿಯ ಬಗ್ಗೆ ಒಂದು ಮಾತು. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಹುರಿದು ಪುಡಿ ಮಾಡುವ ನಮ್ಮ ಅಜ್ಜಿಯರ ಪದ್ಧತಿಯಲ್ಲಿ ಆಳವಾದ ವಿವೇಕವಿದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದು ಸರಿಯನ್ನು ತೆಳ್ಳಗಾಗಿಸುವುದರಿಂದ, ಅದೇ ಚಮಚದಲ್ಲಿ ಹೆಚ್ಚು ಪುಡಿ, ಹೆಚ್ಚು ಶಕ್ತಿ ಹೋಗುತ್ತದೆ, ಸುಲಭವಾಗಿ ಅರಗುತ್ತದೆ. ಮೇಲಾಹಾರ ಹತ್ತಿದ ಮೇಲೆ ಮಲ ಗಟ್ಟಿಯಾಗುವುದು, ನಾರುವುದು, ಅದರಲ್ಲಿ ಕ್ಯಾರೆಟ್ಟಿನ ಚೂರು ಹಾಗೆಯೇ ಕಾಣುವುದು ಎಲ್ಲವೂ ಸಹಜ.

ಒಂದೂವರೆ ಎರಡು ವರ್ಷ ದಾಟಿದ ಮೇಲೆ ನಿಜವಾದ ಮಲಬದ್ಧತೆ ಕಾಣಿಸಿಕೊಳ್ಳುತ್ತದೆ. ಅದು ಶುರುವಾಗುವ ಬಗೆ ಹೀಗೆ. ಜ್ವರ ಬಂದೋ ನೀರು ಕಡಿಮೆಯಾಗಿಯೋ ಒಂದು ದಿನ ಮಲ ಗಟ್ಟಿಯಾಗಿ ನೋವಾಗುತ್ತದೆ. ಮರುದಿನ ಒತ್ತಡ ಬಂದಾಗ ಮಗು ಆ ನೋವನ್ನು ನೆನೆದು ತಡೆಹಿಡಿಯುತ್ತದೆ. ತಡೆದಷ್ಟೂ ದೊಡ್ಡ ಕರುಳು ನೀರು ಹೀರಿ ಮಲ ಇನ್ನೂ ಗಟ್ಟಿಯಾಗುತ್ತದೆ, ಇನ್ನೂ ನೋಯುತ್ತದೆ. ಬಾಗಿಲ ಮರೆಯಲ್ಲಿ ತುದಿಗಾಲ ಮೇಲೆ ನಿಂತು, ಕಾಲುಗಳನ್ನು ಒಂದಕ್ಕೊಂದು ಹೆಣೆದು, ಬೆವರುತ್ತಿರುವ ಮಗುವನ್ನು ಕಂಡು 'ಪಾಪ, ಮುಕ್ಕುತ್ತಿದೆ' ಎಂದುಕೊಳ್ಳುತ್ತೇವೆ. ಅದು ಮುಕ್ಕುತ್ತಿಲ್ಲ, ತಡೆಯುತ್ತಿದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಮಲಾಶಯ ಹಿಗ್ಗಿ ಒತ್ತಡದ ಅರಿವೇ ಮಂದವಾಗುತ್ತದೆ. ಗಟ್ಟಿ ಮಲದ ಸಂದಿಯಿಂದ ತೆಳ್ಳನೆಯದು ಜಿನುಗಿ ಚಡ್ಡಿ ಕೊಳೆಯಾಗುತ್ತದೆ. ಅದನ್ನು ಭೇದಿಯೆಂದು ಔಷಧಿ ಮಾಡುವುದೂ, ಸೋಮಾರಿತನವೆಂದು ಮಗುವಿಗೆ ಹೊಡೆಯುವುದೂ ಎರಡೂ ಅನ್ಯಾಯ. ಆ ಮಗುವಿಗೆ ಜಿನುಗುವುದು ತಿಳಿಯುವುದೇ ಇಲ್ಲ.

ಇಂಥ ಮಕ್ಕಳಲ್ಲಿ ಅನೇಕರು ದಿನಕ್ಕೆ ಮುಕ್ಕಾಲು, ಒಂದು ಲೀಟರ್ ಹಾಲು ಕುಡಿದು ಊಟ ಬಿಟ್ಟಿರುತ್ತಾರೆ. ಹಾಲನ್ನು ಅರ್ಧ ಲೀಟರಿನೊಳಗೆ ನಿಲ್ಲಿಸಿ, ಬಿಸ್ಕತ್ತು ಬಿಡಿಸಿ, ಸೀಬೆಹಣ್ಣು, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ, ಬಸ್ಸಾರಿನ ಸೊಪ್ಪು ಪಲ್ಯ ತಟ್ಟೆಗೆ ಬರಬೇಕು. ಆದರೆ ಈಗಾಗಲೇ ಗಟ್ಟಿಕಟ್ಟಿರುವ ಮಲಾಶಯ ಹಣ್ಣುತರಕಾರಿಯಿಂದಷ್ಟೇ ಖಾಲಿಯಾಗುವುದಿಲ್ಲ. ಮಲ ಮೆತ್ತಗಾಗಿಸುವ ಔಷಧಿಯನ್ನು ವೈದ್ಯರು ಹೇಳಿದಷ್ಟು ತಿಂಗಳು ಕೊಡಲೇಬೇಕು. ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿ ಎರಡನೆಯ ವಾರಕ್ಕೇ ನಿಲ್ಲಿಸಿದರೆ ಹಿಗ್ಗಿದ ಮಲಾಶಯ ಹಳೆಯ ಅಳತೆಗೆ ಮರಳುವ ಮೊದಲೇ ಮತ್ತೆ ತುಂಬಿಕೊಳ್ಳುತ್ತದೆ. ಜೊತೆಗೆ ದಿನಕ್ಕೆರಡು ಸಲ, ಊಟ ತಿಂಡಿಯಾದ ಕೂಡಲೇ, ಐದರಿಂದ ಹತ್ತು ನಿಮಿಷ ಕೂರಿಸಬೇಕು. ಕಮೋಡಿನ ಮೇಲೆ ಕಾಲು ಜೋತಾಡಿದರೆ ಮಗುವಿಗೆ ಒತ್ತಲು ಆಧಾರ ಸಿಗುವುದಿಲ್ಲವಾದ್ದರಿಂದ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕಾಲ ಕೆಳಗೆ ಒಂದು ಮಣೆ ಇಡಬೇಕು. ಅಂಗನವಾಡಿಗೋ ಶಾಲೆಗೋ ಹೋಗುವ ಮಗುವಾದರೆ, ಅಲ್ಲಿನ ಶೌಚಾಲಯಕ್ಕೆ ಹೋಗಲು ಏಕೆ ಹಿಂಜರಿಯುತ್ತದೆ, ನೀರಿಲ್ಲವೋ, ಚಿಲಕವಿಲ್ಲವೋ, ಕೇಳಲು ಹೆದರಿಕೆಯೋ ಎಂದು ವಿಚಾರಿಸಿ ಟೀಚರ ಬಳಿ ಮಾತನಾಡಬೇಕು, ಮತ್ತು ಬೆಳಗ್ಗೆ ವ್ಯಾನ್ ಬರುವ ಅರ್ಧ ಗಂಟೆ ಮೊದಲೇ ತಿಂಡಿ ಮುಗಿಯುವಂತೆ ನೋಡಿಕೊಳ್ಳಬೇಕು.